ಜನರಲ್ ಏಳುವ ತನಕ

ಊಟ ಮುಗಿದಿತ್ತು. ಮನೆಯೊಡತಿ ಡುಲ್ಸಿನ್ ತಟ್ಟೆಗಳನ್ನು ಎತ್ತಿ, ಮೇಜು ಒರೆಸಿ, ಚಹಾ ಕೊಟ್ಟು, ಆ ಲೋಟಗಳನ್ನೂ ತೊಳೆದು ಕವುಚಿ ಹಾಕಿದ್ದರು. ಆದರೂ ಕಾಪುವಿನ ಆ ಮನೆಯ ಮೇಜಿನ ಸುತ್ತ ನಾಲ್ವರು ಗಂಡಸರು ಕುಳಿತೇ ಇದ್ದರು.

ಮೇಜಿನ ತಲೆಯ ಕಡೆಯ ಕುರ್ಚಿಯಲ್ಲಿದ್ದವರು ನಿವೃತ್ತ ಲೆಫ್ಟಿನೆಂಟ್ ಜನರಲ್ ಕಜೆಟನ್. ಅವರ ಬಲಕ್ಕೆ ಮನೆಯ ಯಜಮಾನ ಬ್ಯಾಪ್ಟಿಸ್ಟ್. ಸುಬೇದಾರನಾಗಿ ದುಡಿದು, ಕೊನೆಯಲ್ಲಿ ಗೌರವ ಕ್ಯಾಪ್ಟನ್ ಪದವಿ ಪಡೆದು ಬಂದವರು. ಎದುರಿಗೆ ಕುಕ್ಕುಂದೂರಿನ ಹವಾಲ್ದಾರ್ ಶೀನ, ಅವನ ಪಕ್ಕದಲ್ಲಿ ಹೂಡೆಯ ನಾಯಕ್ ಫಯಾಝ್. ಎಲ್ಲರೂ ಪಿಂಚಣಿಯವರು. ತಿಂಗಳಿಗೊಂದು ಭಾನುವಾರ ಬ್ಯಾಪ್ಟಿಸ್ಟರ ಮನೆಯಲ್ಲಿ ಸೇರಿ ಊಟ ಮಾಡುವುದು ಮೊದಲಿನಿಂದಲೂ ಇದ್ದದ್ದು. ಜನರಲ್ ಸೇರಿಕೊಂಡದ್ದು ಹೆಂಡತಿ ಸೆಲೀನ್ ತೀರಿಕೊಂಡ ಮೇಲೆ.

ಆ ಒಂದು ಭಾನುವಾರಕ್ಕಾಗಿ ಅವರು ಉಳಿದ ದಿನಗಳನ್ನು ಕಳೆಯುತ್ತಿದ್ದರು. ಮಣಿಪಾಲದ ಅವರ ಫ್ಲ್ಯಾಟಿನಲ್ಲಿ ಎಲ್ಲರೂ ಒಳ್ಳೆಯವರೇ. ಲಿಫ್ಟಿನೊಳಗೆ ಇವರು ಕಾಲಿಟ್ಟ ಕೂಡಲೇ ಯಾರಾದರೂ ಗುಂಡಿ ಒತ್ತಿಕೊಡುತ್ತಿದ್ದರು. ಅಲ್ಲಿಯವರೆಗೆ ನಡೆಯುತ್ತಿದ್ದ ಮಾತು ಮಾತ್ರ ನಿಂತುಹೋಗುತ್ತಿತ್ತು. ಇಲ್ಲಿ ಹಾಗಿಲ್ಲ ಎಂದು ಅವರು ನಂಬಿದ್ದರು. ಇಲ್ಲಿ ತನ್ನ ಎದುರಿಗೇ ತನ್ನಂಥವರನ್ನು ಗೇಲಿ ಮಾಡುತ್ತಾರೆ.

"ನನಗೆ ಒಂದು ಅರ್ಥ ಆಗುವುದಿಲ್ಲ," ಊಟಕ್ಕೆ ಬಡಿಸುವಾಗ ಡುಲ್ಸಿನ್ ಕೇಳಿದ್ದರು. "ಲೆಫ್ಟಿನೆಂಟಿಗಿಂತ ಮೇಜರ್ ದೊಡ್ಡವನು, ಅಲ್ವಾ? ಹಾಗಾದರೆ ಮೇಜರ್ ಜನರಲಿಗಿಂತ ಲೆಫ್ಟಿನೆಂಟ್ ಜನರಲ್ ದೊಡ್ಡವನಾದದ್ದು ಹೇಗೆ? ಇದು ಎಂತ ಲೆಕ್ಕ?"

"ಅಷ್ಟು ಮೇಲೆ ಹೋದ ಮೇಲೆ ಲೆಕ್ಕ ತಪ್ಪಿದರೂ ಕೇಳುವವರಿಲ್ಲ, ಬಾಯಮ್ಮ," ಎಂದಿದ್ದ ಶೀನ.

ಬ್ಯಾಪ್ಟಿಸ್ಟ್ ಅವನನ್ನು ದುರುಗುಟ್ಟಿ ನೋಡಿದರು. ಜನರಲ್ ನಕ್ಕದ್ದು ಕಂಡು ಅವರೂ ನಕ್ಕರು. ಶೀನನಿಗೆ ಧೈರ್ಯ ಬಂತು.

"ರಾಜಸ್ಥಾನದಲ್ಲಿ ಇದ್ದೆವು. ಬ್ರಿಗೇಡಿಯರ್ ಬಂದರೆ ದಾರಿಯ ಕಲ್ಲಿಗೆ ಸುಣ್ಣ ಹೊಡೆಯಬೇಕು, ಅದು ಎಲ್ಲ ಕಡೆಯೂ ಉಂಟು. ಒಮ್ಮೆ ಜನರಲ್ ಬರುತ್ತಾರೆಂದು ಸುದ್ದಿ ಬಂತು. ಅಲ್ಲಿ ನೋಡಿದರೆ ಮರಳು ಮಾತ್ರ. ಸುಣ್ಣ ಹೊಡೆಯಲಿಕ್ಕೆ ಒಂದು ಕಲ್ಲಿಲ್ಲ. ಲಾರಿ ಕಳುಹಿಸಿ ಕಲ್ಲು ತರಿಸಿದರು ಮಾರಾಯ್ರೆ. ಜನರಲ್ ಬಂದವರು ಹೆಲಿಕಾಪ್ಟರಿನಿಂದ ಇಳಿಯಲೇ ಇಲ್ಲ. ಮೇಲಿನಿಂದಲೇ ಕೈ ಬೀಸಿ ಹೋದರು."

"ಕಲ್ಲು?" ಎಂದು ಕೇಳಿದರು ಜನರಲ್.

"ವಾಪಸು ಹಾಕಿ ಬಂದೆವು ಸರ್. ಅದು ಪಕ್ಕದ ರೆಜಿಮೆಂಟಿನದ್ದು."

ಜನರಲ್ ಕಣ್ಣೀರು ಬರುವಷ್ಟು ನಕ್ಕಿದ್ದರು. ಹಾಗೆ ನಕ್ಕು ಬಹಳ ಕಾಲವಾಗಿತ್ತು. ಆ ಖುಷಿಯಲ್ಲೇ ಊಟದ ನಂತರ ಹಿಮದ ಗಡಿಯಲ್ಲಿದ್ದಾಗಿನ ತನ್ನ ಕಥೆ ಶುರು ಮಾಡಿದರು. ಅದು ಮುಗಿದಾಗ ಇನ್ನೊಂದು. ಕಿಟಕಿಯ ಹೊರಗೆ ತೆಂಗಿನ ಗರಿಗಳ ನೆರಳು ಅಂಗಳ ದಾಟಿ ಗೋಡೆ ಹತ್ತುತ್ತಿತ್ತು. ಮೂವರೂ ಬೆನ್ನು ನೆಟ್ಟಗೆ ಇಟ್ಟು ಕೇಳುತ್ತಿದ್ದರು. ನಗಬೇಕಾದಲ್ಲಿ ನಗುತ್ತಿದ್ದರು. ಫಯಾಝನ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿ ನಿಂತಿತು, ಮತ್ತೆ ಗುಂಯ್‌ಗುಟ್ಟಿತು. ಅವನು ಅದನ್ನು ಬಟ್ಟೆಯ ಮೇಲಿನಿಂದಲೇ ಅದುಮಿ ಹಿಡಿದ.

ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ ಡುಲ್ಸಿನ್ ಕೈ ಒರೆಸಿಕೊಂಡರು.

"ಸರ್, ಒಂದು ಮಾತು. ಫಯಾಝ್ ಮನೆಗೆ ಹೋಗಬೇಕು. ಮಗಳು ಫಸೀಲಾಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿರಬೇಕು ಈಗ. ಅವನ ಹೆಂಡತಿ ನನಗೆ ಫೋನ್ ಮಾಡಿದಳು. ನೀವು ಏಳದೆ ಇವರು ಯಾರೂ ಏಳುವುದಿಲ್ಲ."

"ಡುಲ್ಸಿನ್," ಎಂದರು ಬ್ಯಾಪ್ಟಿಸ್ಟ್, ತಗ್ಗಿದ ದನಿಯಲ್ಲಿ.

ಜನರಲ್ ಫಯಾಝನ ಕಡೆ ತಿರುಗಿದರು. "ಹೇಳಬಹುದಿತ್ತಲ್ಲ?"

"ಪರವಾಗಿಲ್ಲ ಸರ್."

"ಎದ್ದು ಹೋಗಬಹುದಿತ್ತು."

"ಹೇಗೆ ಸರ್?" ಫಯಾಝ್ ನಿಜವಾಗಿಯೂ ಕೇಳಿದ. "ಬಡಾಖಾನಾದಲ್ಲಿ ಸಾಹೇಬರು ಏಳುವ ಮೊದಲು ಏಳಲಿಕ್ಕೆ ಉಂಟಾ?"

ಬಡಾಖಾನಾ ಎಂದರೆ ಅಧಿಕಾರಿಗಳೂ ಜವಾನರೂ ಒಟ್ಟಿಗೆ ಉಣ್ಣುವ ಪಡೆಯ ದೊಡ್ಡ ಊಟ. ಅಲ್ಲಿಯ ಪದ್ಧತಿ ಕಜೆಟನ್‌ರಿಗೆ ಗೊತ್ತಿಲ್ಲದ್ದಲ್ಲ. ಹರೆಯದ ಕ್ಯಾಪ್ಟನ್ ಆಗಿದ್ದಾಗ ಯಾರೋ ಒಬ್ಬ ಜನರಲ್ ಏಳಲಿ ಎಂದು ಕಾಯುತ್ತಾ ಮೂತ್ರ ಕಟ್ಟಿಕೊಂಡು ಕುಳಿತದ್ದು ನೆನಪಿತ್ತು. ಮೇಲೆ ಏರಿದಂತೆ ಅದು ಮರೆತುಹೋಗಿತ್ತು. ತಾನು ಎದ್ದಾಗ ಉಳಿದವರೂ ಏಳುತ್ತಿದ್ದರು. ಎಲ್ಲರಿಗೂ ಅದೇ ಹೊತ್ತಿಗೆ ಸಾಕಾಯಿತು ಎಂದು ಅವರು ತಿಳಿಯುತ್ತಿದ್ದರು.

ಮರೆಯಲು ಸೆಲೀನಳೂ ಕಾರಣ. ಪ್ರತಿ ಕೂಟದಲ್ಲೂ ಅವಳು ಬೇಗನೆ ಕೈಚೀಲ ಮುಚ್ಚಿ ಮಡಿಲಿಗಿಟ್ಟುಕೊಂಡು ಇವರ ಮುಖ ನೋಡುತ್ತಿದ್ದಳು. ಕಾರಿನಲ್ಲಿ ಇವರು ಸಿಡುಕುತ್ತಿದ್ದರು. ಇಷ್ಟು ಚೆನ್ನಾಗಿ ಮಾತು ನಡೆಯುತ್ತಿತ್ತು, ನಿನಗೆ ಯಾವಾಗಲೂ ಮನೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳಿಗೆ ಜನರೆಂದರೆ ಆಗುವುದಿಲ್ಲ ಎಂದೇ ಅವರು ತಿಳಿದುಕೊಂಡಿದ್ದರು. ಮನೆಯಲ್ಲಿ ಎಳೆಗೂಸು ಬಿಟ್ಟು ಬಂದ ಮೇಜರನ ಹೆಂಡತಿ, ಜ್ವರ ಬಂದ ಕರ್ನಲ್, ಇವರನ್ನೆಲ್ಲ ಅವಳು ಬಿಡಿಸಿ ಕಳುಹಿಸುತ್ತಿದ್ದಳು ಎಂಬುದು ಈಗ, ಈ ಒರೆಸಿದ ಮೇಜಿನ ಮುಂದೆ ತಿಳಿಯಿತು. ಹೇಳಲು ಅವಳಿಲ್ಲ.

ಅವರು ಏಳಬೇಕಿತ್ತು. ಆದರೆ ಒಂದು ಆಸೆ ಉಳಿದಿತ್ತು. ಪದ್ಧತಿಯನ್ನು ತೆಗೆದುಬಿಟ್ಟರೆ ಯಾರು ಕೂರುತ್ತಾರೆ ಎಂದು ನೋಡುವ ಆಸೆ.

"ಫಯಾಝ್, ನೀನು ಹೊರಡು," ಎಂದರು. "ಇನ್ನು ಈ ಮನೆಯಲ್ಲಿ ಆ ಪದ್ಧತಿ ಇಲ್ಲ. ನಾನು ಕೂತಿದ್ದರೂ ಹೋಗಬೇಕಾದವರು ಹೋಗಬಹುದು."

ಶೀನ ಬ್ಯಾಪ್ಟಿಸ್ಟರನ್ನು ನೋಡಿದ. "ಇದು ಆರ್ಡರಾ ಸರ್?"

"ಆರ್ಡರ್ ಎಂದೇ ತಿಳಿ," ಎಂದರು ಜನರಲ್.

ಫಯಾಝ್ ಎದ್ದು ಸೆಲ್ಯೂಟ್ ಹೊಡೆದು, ಚಪ್ಪಲಿಗೆ ಕಾಲು ಸರಿಯಾಗಿ ತೂರಿಸದೆಯೇ ಓಡಿದ. ಬೈಕಿನ ಶಬ್ದ ಹೆದ್ದಾರಿಯ ಕಡೆ ಸರಿಯಿತು. ಜನರಲ್ ಶೀನನ ಕಡೆ ನೋಡಿ ಮುಗುಳ್ನಕ್ಕರು. ಶೀನನಿಗೆ ಅವಸರವೇನೂ ಇರಲಿಲ್ಲ, ಅದು ಅವರಿಗೆ ಗೊತ್ತಿತ್ತು. ಹೆಂಡತಿ ತವರಿಗೆ ಹೋಗಿದ್ದಾಳೆ ಎಂದು ಊಟದ ಹೊತ್ತಿಗೆ ಅವನೇ ಹೇಳಿದ್ದ.

"ಹಾಗಾದರೆ ನಾನೂ ಬರುತ್ತೇನೆ ಸರ್," ಎನ್ನುತ್ತಾ ಶೀನ ಎದ್ದ. "ಕಾರ್ಕಳದ ಬಸ್ಸು ಈಗ ಖಾಲಿ ಇರುತ್ತದೆ."

"ಬಸ್ಸು ಆಮೇಲೂ ಉಂಟಲ್ಲ?"

"ಉಂಟು ಸರ್," ಎಂದ ಶೀನ ಮೆಲ್ಲಗೆ. ಸ್ವಲ್ಪ ನಿಂತ. ಮತ್ತೆ ಕುಳಿತುಕೊಳ್ಳಲು ಹೇಳುತ್ತಾರೋ ಎಂದು ಕಾದಂತಿತ್ತು. ಕೊನೆಗೆ ಶೀನ ಕೊಡೆ ತೆಗೆದುಕೊಂಡು ಗೇಟು ದಾಟಿದ.

ಬ್ಯಾಪ್ಟಿಸ್ಟ್ ಮಾತ್ರ ಉಳಿದರು. ಅದು ಅವರದೇ ಮನೆ. ಹೋಗುವುದೆಲ್ಲಿಗೆ? ಬೆನ್ನು ನೆಟ್ಟಗಿತ್ತು, ಕಣ್ಣು ಮಾತ್ರ ಎಳೆಯುತ್ತಿತ್ತು.

"ನೀವು ದಿನಾ ಮಧ್ಯಾಹ್ನ ಮಲಗುತ್ತೀರಾ?" ಜನರಲ್ ಕೇಳಿದರು.

"ಸ್ವಲ್ಪ, ಸರ್."

"ಮಲಗಿ."

"ನೀವಿರುವಾಗ ಹೇಗೆ ಸರ್."

"ನಾನು ಈಗ ಹೊರಡುತ್ತೇನೆ. ಈ ಕುರ್ಚಿಯಲ್ಲಿ ಸ್ವಲ್ಪ ಕೂತು."

ಬ್ಯಾಪ್ಟಿಸ್ಟ್ ಮಲಗುವ ಕೋಣೆಗೆ ಹೋಗಲಿಲ್ಲ. ಅಷ್ಟು ದೂರ ಹೋಗುವುದು ಅವರಿಂದ ಆಗಲಿಲ್ಲವೇನೋ. ಪಕ್ಕದ ಸೋಫಾದಲ್ಲಿ ಕಾಲು ಕೆಳಗಿಟ್ಟುಕೊಂಡೇ ಒರಗಿದರು. ಬಹಳ ಹೊತ್ತು ಬೇಕಾಗಲಿಲ್ಲ. ಬಾಯಿ ತೆರೆದುಕೊಂಡಿತು, ಗಂಟಲಿನಿಂದ ಗೊರಕೆ ಎದ್ದಿತು, ಒಂದು ಕಾಲು ತಾನಾಗಿ ಸೋಫಾದ ಮೇಲೆ ಬಂತು.

ಡುಲ್ಸಿನ್ ಬಂದು ನೋಡಿದರು. ಗಂಡನನ್ನು ಎಬ್ಬಿಸಲು ಹೋದವರು ಜನರಲ್ ಕೈ ಅಡ್ಡ ಹಿಡಿದದ್ದು ಕಂಡು ನಿಂತರು. ನಂತರ ಅವರ ಎದುರಿಗೇ ಹಾದುಹೋಗಿ, ಅಂಗಳದಲ್ಲಿ ಒಣಗಿದ ಬಟ್ಟೆಗಳನ್ನು ತೆಗೆಯತೊಡಗಿದರು.

ಸೇವೆಯ ಅಷ್ಟೂ ವರ್ಷಗಳಲ್ಲಿ ಕಜೆಟನ್‌ರ ಎದುರು ಯಾರೂ ನಿದ್ದೆ ಮಾಡಿರಲಿಲ್ಲ. ಹೊರಡಬೇಕು ಎಂದುಕೊಂಡರು. ಎದ್ದರೆ ಕುರ್ಚಿ ನೆಲಕ್ಕೆ ಉಜ್ಜಿ ಸದ್ದಾಗುತ್ತದೆ, ಈ ಮನುಷ್ಯ ಎಚ್ಚೆತ್ತು ಸಟ್ಟನೆ ನಿಂತುಬಿಡುತ್ತಾನೆ. ಅವರು ಕೈಗಳನ್ನು ಮೇಜಿನ ಮೇಲಿಟ್ಟು, ಬ್ಯಾಪ್ಟಿಸ್ಟ್ ತಾನಾಗಿಯೇ ಏಳುವ ತನಕ ಅಲುಗದೆ ಕುಳಿತರು.