ಕ್ಲಚ್ ಎಣ್ಣೆ

ರಾತ್ರಿ ಬಾಗಿಲು ಬಡಿದ ಸದ್ದಿಗೆ ಶಾಂಭವಿ ಎದ್ದು ಬಂದಳು. ಹೊರಗೆ ಮಲ್ಲೇಶ್ ನಿಂತಿದ್ದ. ಕಾರಿನ ಕೀಲಿಯನ್ನು ಅವಳ ಅಂಗೈಗೆ ಹಾಕಿ, ರಾಗಿಗುಡ್ಡದ ಇಳಿಜಾರು ಹಿಡಿದು ನಡೆದುಬಿಟ್ಟ. ಕೀಲಿಯೇನೋ ಕೈಗೆ ಬಂತು. ಗೇಟಿನ ಮುಂದೆ ಕಾರು ಇರಲಿಲ್ಲ.

ಸವಳಂಗ ರಸ್ತೆಯಲ್ಲಿ ಶಾಂಭವಿ ನಡೆಸುವ ಡ್ರೈವಿಂಗ್ ಸ್ಕೂಲಿಗೆ ಇದ್ದದ್ದು ಅದೊಂದೇ ಕಾರು, ಕಲಿಸುವವನು ಮಲ್ಲೇಶ್ ಒಬ್ಬನೇ. ಕಲಿಯಲು ಬಂದವರಿಗೆ ಎಲ್ಲವೂ ಕನ್ನಡದಲ್ಲೇ ತಿಳಿಯಬೇಕೆಂಬುದು ಅವಳ ಹಟ. ಬಾನೆಟ್ಟಿನೊಳಗಿನ ಮುಚ್ಚಳಗಳ ಮೇಲೆಲ್ಲ ತನ್ನ ದುಂಡು ಅಕ್ಷರದ ಚೀಟಿ ಅಂಟಿಸಿದ್ದಳು. ಅವನ್ನು ಓದಿ, ಕಡಿಮೆಯಾದದ್ದನ್ನು ಕೈಯಾರೆ ತುಂಬುವುದೇ ಅಲ್ಲಿಯ ಮೊದಲ ಪಾಠ.

ಭದ್ರಾವತಿಯಿಂದ ಕಲಿಯಲು ಬರುತ್ತಿದ್ದ ಶಿಕ್ಷಕಿ ಕವನಾಗೆ ಫೋನು ಮಾಡಿದಾಗ ವಿಷಯ ಹೊರಬಿತ್ತು. ಸಂಜೆ ಭದ್ರಾವತಿಯ ಸೇತುವೆಯ ಬಳಿ ಕವನಾ ಕ್ಲಚ್ಚನ್ನು ಪೂರ್ತಿ ತುಳಿದರೂ ಇಂಜಿನ್ನಿನ ಎಳೆತ ಬಿಡದೆ ಕಾರು ಮುಂದಿನ ಬಸ್ಸಿನತ್ತ ನುಗ್ಗಿತ್ತು. ಪಕ್ಕದಲ್ಲಿದ್ದ ಮಲ್ಲೇಶ್ ತನ್ನ ಕಡೆಯ ಬ್ರೇಕನ್ನು ಒತ್ತಿ ಹಿಡಿದದ್ದರಿಂದ ಗೇಣು ದೂರದಲ್ಲಿ ನಿಂತಿತು. ಆಮೇಲೆ ಜ್ಞಾನೇಶನ ಗ್ಯಾರೇಜಿಗೆ ತಳ್ಳಿಕೊಂಡು ಹೋಗಿದ್ದರು.

ಶಾಂಭವಿಯ ಮೈ ಉರಿಯಿತು. ಮುಂದಿನ ವಾರದಿಂದ ಭದ್ರಾವತಿಯ ಶ್ರೀನಿವಾಸಮೂರ್ತಿಯವರ ಶಾಲಾ ವ್ಯಾನಿಗೆ ಚಾಲಕನಾಗಿ ಸೇರುತ್ತೇನೆಂದು ಮಲ್ಲೇಶ್ ಹೇಳಿದಾಗಿನಿಂದ ಒಳಗೊಳಗೇ ಕುದಿಯುತ್ತಿದ್ದ ಸಿಟ್ಟು ಈಗ ಉಕ್ಕಿತು. ಆ ಗಳಿಗೆಯಲ್ಲೇ ಶ್ರೀನಿವಾಸಮೂರ್ತಿಯವರಿಗೆ ಫೋನು ಮಾಡಿ, ಹೊರಡುವವನು ತನ್ನ ಕಾರಿನ ಕ್ಲಚ್ ಪ್ಲೇಟು ಸುಟ್ಟೇ ಹೊರಟಿದ್ದಾನೆ ಎಂದು ದೂರಿದಳು.

ಅವರ ದನಿ ಏರಲಿಲ್ಲ. "ಮಕ್ಕಳು ಕೂರೋ ವ್ಯಾನಮ್ಮ. ಊಹೆ ನಂಗೆ ಬೇಡ. ಗಾಡಿ ಬಿಚ್ಚಿಸಿ ನೋಡಿ, ಹಾಳು ಮಾಡಿದವರ ಹೆಸರು ಒಂದು ಹೇಳಿ ಸಾಕು. ಮಲ್ಲೇಶ್ ಅಂದ್ರೆ ಅವನಿಗೆ ಇಲ್ಲಿ ಕೆಲಸ ಇಲ್ಲ."

ಆ ಹೆಸರನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಬೆಳಗ್ಗೆ ಶಾಂಭವಿ ಭದ್ರಾವತಿಯ ಬಸ್ಸು ಹತ್ತಿದಳು.

ಜ್ಞಾನೇಶ್ ಪಾಲಿಟೆಕ್ನಿಕ್ಕಿನಲ್ಲಿ ಅವಳ ಸಹಪಾಠಿ. ಅವಳ ಸಿಟ್ಟಿಗೆ ಹೆದರುವ ಪೈಕಿಯವನಲ್ಲ. ಕವನಾ ಆಗಲೇ ಅಲ್ಲಿಗೆ ಬಂದಿದ್ದಳು. ಪ್ಲೇಟು ಸುಟ್ಟಿದೆ, ಬಿಚ್ಚಿ ತೋರಿಸು ಎಂದು ಶಾಂಭವಿ ಪಟ್ಟು ಹಿಡಿದಳು.

"ಪ್ಲೇಟು ಸುಟ್ಟಿದ್ರೆ ಗಾಡಿ ಎಳೆಯಲ್ಲ ಮಾರಾಯ್ತಿ. ಇದು ಬಿಡೋದೇ ಇಲ್ಲ ಅಂತಿದೆ. ನೋಡು."

ಇಂಜಿನ್ ಆರಿದ್ದಾಗ ಗೇರು ಸಲೀಸಾಗಿ ಬಿತ್ತು. ಇಂಜಿನ್ ಓಡುತ್ತಿದ್ದಾಗ ಕರಕರ ಹಲ್ಲು ಕಡಿಯಿತು. ದೋಷ ಪ್ಲೇಟಿನದಲ್ಲ, ಪೆಡಲಿನ ಒತ್ತಡವನ್ನು ಅದಕ್ಕೆ ಮುಟ್ಟಿಸುವ ದ್ರವದ ದಾರಿಯದು ಎಂದ ಜ್ಞಾನೇಶ್. ಪೆಡಲನ್ನು ಪದೇಪದೇ ಒತ್ತಿದರೆ ಗಟ್ಟಿಯಾಗುತ್ತಿತ್ತು, ಹಾಗೇ ಹಿಡಿದರೆ ಮೆಲ್ಲನೆ ಕುಸಿಯುತ್ತಿತ್ತು. ವಾರದ ಹಿಂದೆ ಮಲ್ಲೇಶ್ ಇದೇ ಮಾತನ್ನು ಹೇಳಿದ್ದ. ನಿನ್ನ ಕಾಲು ಆಗಲೇ ಭದ್ರಾವತಿ ಕಡೆ ತಿರುಗಿದೆ, ಅದಕ್ಕೇ ಪೆಡಲು ಸಿಗ್ತಿಲ್ಲ ಎಂದು ಅವಳು ಅವನನ್ನು ಚುಚ್ಚಿದ್ದಳು. ನೆನಪಾಯಿತು, ಆದರೂ ಮುಖ ಸಡಿಲಿಸಲಿಲ್ಲ.

ಕೊಳವೆಗಳಲ್ಲಿ ಸೋರಿಕೆಯಿರಲಿಲ್ಲ. ದ್ರವ ಹೊರಬಿಟ್ಟು ನೋಡಿದರೆ ಗಾಳಿಯ ಗುಳ್ಳೆಯೂ ಇಲ್ಲ. ಕೊನೆಗೆ ಪೆಡಲಿನ ಮೇಲ್ಭಾಗದಲ್ಲಿ ದ್ರವವನ್ನು ನೂಕುವ ಮಾಸ್ಟರ್ ಸಿಲಿಂಡರ್ ಬಿಚ್ಚಿದಾಗ ಒಳಗಿನ ರಬ್ಬರ್ ಸೀಲು ನೀರು ಕುಡಿದ ಕಡಲೆಯಂತೆ ಉಬ್ಬಿ ನಿಂತಿತ್ತು. ಜ್ಞಾನೇಶ್ ಕ್ಲಚ್ಚಿನ ದ್ರವ ತುಂಬುವ ಪುಟ್ಟ ಡಬ್ಬಿಯಿಂದ ಒಂದಿಷ್ಟು ತೆಗೆದು ನೀರಿನ ಲೋಟಕ್ಕೆ ಬಿಟ್ಟ. ಸರಿಯಾದ ದ್ರವವಾಗಿದ್ದರೆ ನೀರಿನಲ್ಲಿ ಬೆರೆತುಹೋಗಬೇಕಿತ್ತು. ಇದು ಜಿಡ್ಡಾಗಿ ತೇಲಿತು.

"ಇಂಜಿನ್ ಆಯಿಲ್ ಸುರಿದಿದ್ದಾರೆ," ಎಂದ. "ಬ್ರೇಕಿಗೂ ಇದೇ ಡಬ್ಬಿ ಆಗಿದ್ರೆ ನಿನ್ನೆ ಮಲ್ಲೇಶ್ ಕೈಲೂ ಉಳಿಸೋಕೆ ಆಗ್ತಿರ್ಲಿಲ್ಲ."

"ಅವನೇ ಸುರಿದಿದ್ದಾನೆ," ಎಂದಳು ಶಾಂಭವಿ. "ಹೋಗೋ ಮುಂಚೆ ನನ್ನ ಬಾಗಿಲು ಮುಚ್ಚಿಸ್ಬೇಕು ಅಂತಾನೇ."

"ಸುರಿದಿದ್ದು ನಾನು," ಎಂದಳು ಕವನಾ.

ಶಾಂಭವಿ ಗರ್ರನೆ ತಿರುಗಿದಳು. ಹದಿನೈದು ದಿನದ ಹಿಂದೆ ಪಾಠದ ಹೊತ್ತಿನಲ್ಲಿ ಡಬ್ಬಿಯಲ್ಲಿ ದ್ರವದ ಮಟ್ಟ ಇಳಿದಿತ್ತಂತೆ. ಡಿಕ್ಕಿಯಲ್ಲಿದ್ದ ಕ್ಯಾನಿನಿಂದ ಕವನಾ ತುಂಬಿದ್ದಳಂತೆ. ಮಲ್ಲೇಶ್ ಆಗ ಹಿಂದಿನ ಚಕ್ರಕ್ಕೆ ಗಾಳಿ ಹಿಡಿಸುತ್ತಿದ್ದ. ಮೇಡಂ ಅನ್ನಿಸಿಕೊಂಡವರಿಗೆ ಅಷ್ಟೂ ಬುದ್ಧಿ ಬೇಡವೇ, ಹಾಗೆ ಸುರಿಯಲು ಹೇಳಿದವರು ಯಾರು ಎಂದು ಶಾಂಭವಿ ಗ್ಯಾರೇಜೇ ನಡುಗುವಂತೆ ಗದರಿದಳು.

ಕವನಾಳ ಮೂಗಿನ ತುದಿಯೂ ಕೆಂಪಾಯಿತು. ಬಾನೆಟ್ಟಿನತ್ತ ಬಾಗಿ, ಮುಚ್ಚಳವನ್ನು ತಿರುಗಿಸಿ ತೆಗೆದು ಶಾಂಭವಿಯ ಕಣ್ಣಿಗೆ ಹಿಡಿದಳು.

"ಓದಿ. ದಿನಾ ನಮ್ಮ ಕೈಲಿ ಓದಿಸ್ತೀರಲ್ಲ, ಇವತ್ತು ನೀವು ಓದಿ."

ದುಂಡು ಅಕ್ಷರ ನಗುತ್ತಿತ್ತು: ಕ್ಲಚ್ ಎಣ್ಣೆ. ಕಡಿಮೆಯಾದರೆ ತುಂಬಿ.

"ಕ್ಯಾನಿನ ಮೇಲೆ ಬರೆದಿದ್ದೂ ಎಣ್ಣೆ, ಇಲ್ಲೂ ಎಣ್ಣೆ," ಎಂದಳು ಕವನಾ. "ನಾನು ಇನ್ನೇನು ಹಾಕ್ಬೇಕಿತ್ತು? ತುಪ್ಪಾನಾ?"

ಜ್ಞಾನೇಶ್ ಉಗುರಿನಿಂದ ಚೀಟಿ ಕಿತ್ತು ಶಾಂಭವಿಯ ಕೈಗಿಟ್ಟ. ಅದರಡಿ, ಬ್ರೇಕ್ ಫ್ಲೂಯಿಡ್ ಹೊರತು ಬೇರೇನೂ ಹಾಕಕೂಡದೆಂದು ಕಂಪನಿಯವರು ಉಬ್ಬಕ್ಷರದಲ್ಲಿ ಎಚ್ಚರಿಸಿದ್ದ ಇಂಗ್ಲಿಷ್ ಸಾಲು ಹೊರಬಂತು.

"ನಾವೆಲ್ಲ ಬಾಯ್ಮಾತಿಗೆ ಈ ಫ್ಲೂಯಿಡನ್ನ ಎಣ್ಣೆ ಅಂತೀವಿ," ಎಂದ ಅವನು ತಣ್ಣಗೆ. "ಎಣ್ಣೆ ಅಲ್ಲ ಅದು. ಪಾಲಿಟೆಕ್ನಿಕ್ಕಲ್ಲಿ ಇಬ್ರೂ ಓದಿದ್ವಿ."

ಶಾಂಭವಿಯ ಸಿಟ್ಟು ಇಳಿಯಲಿಲ್ಲ. ಕವನಾಳಿಂದ ಸರಿಯಿತು, ಮಲ್ಲೇಶನಿಂದ ಸರಿಯಿತು, ನಿಲ್ಲಲು ಬೇರೆ ಜಾಗ ಹುಡುಕಿತು. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಅದುರಿತು. ಶ್ರೀನಿವಾಸಮೂರ್ತಿ. ಬಿಚ್ಚಿಸಿದಿರಾ ಎಂದರು ಅವರು. ಮುಂದಿನ ವಾರದ ಕೆಲಸದ ಮಾತಿಗೆ ಬಂದ ಮಲ್ಲೇಶ್ ಗೇಟಿನಲ್ಲಿ ನಿಂತಿದ್ದಾನೆ, ಒಳಗೆ ಬಿಡಬೇಕೋ ಬೇಡವೋ ಈಗಲೇ ತಿಳಿಯಬೇಕು, ಹಾಳು ಮಾಡಿದವರ ಹೆಸರು ಹೇಳಿ.

ಕವನಾಳ ಹೆಸರು ಹೇಳಿ ಫೋನಿಡಬಹುದಿತ್ತು. ಸುರಿದ ಕೈ ಅವಳದೇ. ಶಾಂಭವಿ ಆ ಚೀಟಿಯನ್ನು ಮುಷ್ಟಿಯಲ್ಲಿ ಹಿಸುಕಿದಳು. ಹಲ್ಲು ಕಚ್ಚಿಕೊಂಡೇ ಹೆಸರು ಹೇಳಿದಳು.

"ಶಾಂಭವಿ."