ಹೆರ್ಮೆಲಿಂದಾಳ ಎರಡು ಚೂರಿ

"ಅತ್ತೆ, ಈ ಸಲ ನಿಮ್ಮ ಚೂರಿ ಬೇಡ. ಮೊಬೈಲಲ್ಲೇ ಎಲ್ಲಾ ಕಾಣುತ್ತೆ," ಎಂದು ಮದುಮಗಳು ಇತ್ಸೆಲ್ ಸೋದರತ್ತೆಗೆ ಮಳೆ ತೋರಿಸುವ ರೇಡಾರಿನ ಚಿತ್ರ ತೋರಿಸಿದಳು. ಜ್ವಾಲಾಮುಖಿಯ ಆಚೆ ತುಂತುರು ಮಳೆಯ ಒಂದಿಷ್ಟು ಹಸಿರು ಚುಕ್ಕೆ, ಅಷ್ಟೇ. ಅಂಗಳದಲ್ಲೇ ಊಟದ ಮೇಜು ಹಾಕುವುದೆಂದು ತೀರ್ಮಾನವಾಯಿತು.

ಹೆರ್ಮೆಲಿಂದಾಳಿಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ಮುಖ ಬಾಡಿತು. ಯಾರ ಮನೆಯ ಮದುವೆಯಾಗಲಿ, ಅಂಗಳದ ಮೂಲೆಯಲ್ಲಿ ಎರಡು ಚೂರಿ ಅಡ್ಡಡ್ಡ ನೆಲಕ್ಕೆ ಚುಚ್ಚಿ ಮಳೆ ತಡೆಯುವವಳು ಅವಳೇ. ಗಂಡಸಿನ ಸಂಗ ಅರಿಯದವಳು ಚುಚ್ಚಿದರೆ ಮಾತ್ರ ಮೋಡ ಮಾತು ಕೇಳುತ್ತದೆಂದು ಊರಿನ ನಂಬಿಕೆ. ಐವತ್ತರ ಹತ್ತಿರ ಬರುವವರೆಗೂ ಅವಳಿಗೆ ಆ ಯೋಗ್ಯತೆಯಿತ್ತು. ಕಳೆದ ಚಳಿಗಾಲದಲ್ಲಿ ಬೇಕರಿಯ ವಿಧುರ ಲಿಬೋರಿಯೊ ಬಿಸಿ ಬ್ರೆಡ್ಡು ತಿನ್ನಲು ಅವಳನ್ನು ಒಳಗೆ ಕರೆದ. ಆಮೇಲೆ ಅವಳು ಹೋಗುತ್ತಲೇ ಇದ್ದಳು. ಅವನು ಮದುವೆಯ ಮಾತೆತ್ತಿದಾಗಲೆಲ್ಲ ಊರು ಏನೆಂದೀತು ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಈಗ ಚೂರಿ ಬೇಡವೆಂದದ್ದು ರೇಡಾರನ್ನು ನಂಬಿಯೋ, ಗುಟ್ಟು ತಿಳಿದೋ? ಅವಳಿಗೆ ತಲೆಬುಡ ತಿಳಿಯಲಿಲ್ಲ.

ಚರ್ಚಿನಿಂದ ಬಂದು ಎಲ್ಲರೂ ಊಟಕ್ಕೆ ಕೂರುವಷ್ಟರಲ್ಲಿ ಆಕಾಶ ಕಪ್ಪಿಟ್ಟಿತು. ಮೊಬೈಲಿನಲ್ಲಿ ಹಸಿರೆಲ್ಲ ಕೆಂಪಾಗಿ ನೇರ ಮನೆಯತ್ತಲೇ ಬರುತ್ತಿತ್ತು. ಇತ್ಸೆಲ್‌ಳ ತಂದೆ ನಬೋರ್ ಅಡುಗೆಮನೆಗೆ ಓಡಿ ಚೂರಿಗಳನ್ನು ತಂದು ಅಕ್ಕನ ಕೈಗಿಟ್ಟ.

"ಬೇಗ ಚುಚ್ಚಕ್ಕ. ಮಾನ ಉಳಿಸು."

ಇಡೀ ಅಂಗಳ ಅವಳನ್ನೇ ನೋಡುತ್ತಿತ್ತು. ಬ್ರೆಡ್ಡಿನ ಬುಟ್ಟಿ ಹಿಡಿದಿದ್ದ ಲಿಬೋರಿಯೊ ಮಾತ್ರ ನೆಲ ನೋಡುತ್ತಿದ್ದ. ಚುಚ್ಚದಿದ್ದರೆ ಯಾಕೆಂದು ಕೇಳುತ್ತಾರೆ. ಚುಚ್ಚಿದ ಮೇಲೂ ಮಳೆ ಸುರಿದರೆ ಯಾರೂ ಕೇಳಬೇಕಾಗಿಲ್ಲ, ಗುಟ್ಟು ತಾನಾಗೇ ಬಯಲು. ಮೂಲೆಗೆ ಹೋಗಿ ಎರಡನ್ನೂ ಅಡ್ಡಡ್ಡ ಚುಚ್ಚಿದಳು.

ಗಾಳಿ ಬೀಸಿತು, ಮೇಜಿನ ಬಟ್ಟೆಗಳು ಹಾರಿದವು. ಒಂದು ಹನಿಯೂ ಬೀಳಲಿಲ್ಲ.

"ನಮ್ಮನೆ ಮೇಲೇ ಜೋರು ಮಳೆ ಅಂತ ತೋರಿಸ್ತಿದೆಯಲ್ಲ ಇದು," ಎಂದು ಇತ್ಸೆಲ್ ಮೊಬೈಲನ್ನು ಉಜ್ಜಿದಳು.

"ನಮ್ಮಕ್ಕ ಇರೋವಾಗ ರೇಡಾರ್ ಯಾಕೆ? ನಾಳೆ ನಿನ್ನ ಮಕ್ಕಳ ಮದುವೇಲೂ ಅತ್ತೇನೇ ಚುಚ್ತಾಳೆ," ಎಂದು ನಬೋರ್ ಎದೆಯುಬ್ಬಿಸಿದ.

ಹೆರ್ಮೆಲಿಂದಾ ಕಕ್ಕಾಬಿಕ್ಕಿಯಾಗಿ ನಿಂತಳು. ಸುಳ್ಳು ಹೇಳಿದ್ದು ರೇಡಾರೋ, ಚೂರಿಯೋ? ಇಲ್ಲಾ ತಾನು ಪಾಪವೆಂದುಕೊಂಡದ್ದು ಮೋಡಕ್ಕೆ ಲೆಕ್ಕಕ್ಕೇ ಇಲ್ಲವೋ? ಇನ್ನೂ ಹುಟ್ಟದ ಮಕ್ಕಳ ಮದುವೆಯವರೆಗೆ ಒಂಟಿಯಾಗೇ ಇರಬೇಕಲ್ಲ ಎಂದು ನೆನೆದು ಅಳು ಬಂತು.

ಬಗ್ಗಿ ಒಂದು ಚೂರಿ ಕಿತ್ತಳು. ಮಣ್ಣು ಒರೆಸಿ, ಲಿಬೋರಿಯೊನ ಬುಟ್ಟಿಯಿಂದ ಬ್ರೆಡ್ಡು ತೆಗೆದು ಕುಯ್ದಳು. ಮೊದಲ ತುಂಡನ್ನು ಎಲ್ಲರೆದುರೇ ಅವನ ಬಾಯಿಗಿಟ್ಟಳು.

ನಬೋರ್ ಅವಳನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿದ. ಆಗಲೂ ಮಳೆ ಬರಲಿಲ್ಲ.