ಕೋರ್ಟಿಗೆ ಹೋಗಿ ಬಂದ ಕಬ್ಬಿನ ಗಾಣ

ನಾನು ಒಂದು ಕಬ್ಬಿನ ಗಾಣ. ನನ್ನನ್ನು ಮಾಡಲು ಬಿದ್ದ ಖರ್ಚಿನಲ್ಲಿ ಮುಕ್ಕಾಲು ಪಾಲು ಕಬ್ಬಿಣಕ್ಕೆ ಹೋಯಿತು, ಉಳಿದದ್ದು ಎರಕ ಹೊಯ್ದವರ ಕೂಲಿಗೆ. ಚಕ್ರಕ್ಕೆ ಕಟ್ಟುವ ಗೆಜ್ಜೆಗಳನ್ನು ಅಂಗಡಿಯವ ಪುಕ್ಕಟೆ ಕೊಟ್ಟ. ಜೀವನಪೂರ್ತಿ ಗಿರಾಕಿಗಳನ್ನು ಕರೆದದ್ದು ಮಾತ್ರ ಆ ಗೆಜ್ಜೆಗಳೇ.

ಹುಟ್ಟಿದ್ದು ಬೆಳಗಾವಿಯ ಒಂದು ಶೆಡ್ಡಿನಲ್ಲಿ. ಮೊದಲ ಯಜಮಾನ ಈರಸಂಗಪ್ಪ ಹಲವು ಬೇಸಿಗೆ ನನ್ನನ್ನು ತಿರುಗಿಸಿ, ರಟ್ಟೆ ಸೋತು, ಮಾಳವ್ವನಿಗೆ ಮಾರಿದ. ಮಾಳವ್ವ ಗಟ್ಟಿಗಿತ್ತಿ. ಒಂದು ಕೈಯಲ್ಲಿ ಚಕ್ರ, ಇನ್ನೊಂದರಲ್ಲಿ ಕಬ್ಬು, ಶುಂಠಿ, ನಿಂಬೆ. ಬಾಯಲ್ಲಿ ಬಸ್ ಡ್ರೈವರುಗಳ ಗೇಲಿ.

ಬಸ್ ಸ್ಟ್ಯಾಂಡಿನ ಎದುರು ನೆರಳು ಸರಿದಂತೆ ನಮ್ಮ ಗಾಡಿಯೂ ಸರಿಯುತ್ತಿತ್ತು. ಒಂದು ಮಧ್ಯಾಹ್ನ ಹಾಗೇ ಸರಿಯುತ್ತ ರಸ್ತೆಯ ನಡುವಿಗೇ ಬಂದುಬಿಟ್ಟೆವು. ಬಸ್ಸುಗಳು ಸಾಲಾಗಿ ನಿಂತವು. ಆಮೇಲೆ ಪೊಲೀಸರು ಬಂದರು.

ಕೋರ್ಟಿನಲ್ಲಿ ಬೀದಿ ವ್ಯಾಪಾರಿಗಳ ದೊಡ್ಡ ಸಾಲೇ ಇತ್ತು. ಬಾಳೆಹಣ್ಣಿನ ಮೌಲಾಸಾಬ ಮಾಳವ್ವನ ಕಿವಿಯಲ್ಲಿ, "ತಪ್ಪಾತು ಅಂತ ಒಪ್ಕೊಂಡ ಬಿಡಬೇ ಅಕ್ಕಾ. ದಂಡ ಕಟ್ಟಿ ಊಟದ ಹೊತ್ತಿಗೆ ಮನೀಗೆ ಹೋಗೂಣು" ಎಂದ. ವಾದಕ್ಕೆ ನಿಂತರೆ ತಿಂಗಳುಗಟ್ಟಲೆ ಅಲೆಯಬೇಕೆಂಬುದು ಸಾಲಿನವರಿಗೆಲ್ಲ ಗೊತ್ತು. ಎಲ್ಲರೂ ಒಪ್ಪಿದರು. ಮೌಲಾಸಾಬನ ಗಾಡಿ ಬಿಟ್ಟರು. ಬಸ್ಸು ನಿಲ್ಲಿಸಿದ ಮಾಳವ್ವನಿಗೆ ಮಾತ್ರ ದಂಡದ ಜೊತೆ ಗಾಣವೂ ಸರ್ಕಾರಕ್ಕೆ ಎಂದು ಆದೇಶವಾಯಿತು.

ಜಪ್ತಿಯಾದ ಮುದ್ದೆಮಾಲು ಇಡುವ ಕೋಣೆಗೆ ನನ್ನನ್ನು ತಳ್ಳಿದರು. ಕೋಳಿಪಂದ್ಯದ ಪಂಜರ, ಕಳ್ಳಭಟ್ಟಿಯ ಕೊಡ ನನ್ನ ನೆರೆಯವರು. ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಜೈಲಿಗೆ ಬಂದವರನ್ನು ಅವು ನೋಡಿರಲಿಲ್ಲ.

ಅತ್ತ ಗಾಣವಿಲ್ಲದೆ ಒಲೆ ಉರಿಯುವುದು ಕಷ್ಟವಾಗಿ, ಮಾಳವ್ವ ಜಿಲ್ಲಾ ಕೋರ್ಟಿಗೆ ಮೇಲ್ಮನವಿ ಹಾಕಿದಳು. ಪುಕ್ಕಟೆ ವಕೀಲರನ್ನು ಕೊಡುತ್ತೇವೆ ಎಂದು ನ್ಯಾಯಾಧೀಶೆ ಹೇಳಿದರೆ, ಗಾಣ ತಿರುಗಿಸಿದವಳು ನಾನು, ಮಾತೂ ನಾನೇ ಆಡುತ್ತೇನೆ ಎಂದಳಂತೆ. ತಿಳಿಯದೆ ಒಪ್ಪಿದೆ ಎಂದುಬಿಡು, ಕೇಸೇ ಬಿದ್ದುಹೋದೀತು ಎಂದು ಮೌಲಾಸಾಬ ಕಲಿಸಿ ಕಳಿಸಿದ್ದ.

ವಿಚಾರಣೆಯ ದಿನ ನನ್ನನ್ನೂ ತರಿಸಿದರು. ಇಬ್ಬರು ಜವಾನರು ಏದುಸಿರು ಬಿಡುತ್ತ ಹೊತ್ತು ತರುವಾಗ ಕೋರ್ಟಿನ ತುಂಬ ಗೆಜ್ಜೆಯ ಸದ್ದು. ತಪ್ಪು ಒಪ್ಪಿದವರಿಗೆ ಮೇಲ್ಮನವಿ ಎಲ್ಲಿಯದು ಎಂದು ಸರ್ಕಾರಿ ವಕೀಲರು ತಕರಾರು ತೆಗೆದರು. ಒಪ್ಪಿದ ತಪ್ಪು ಅಳಿಸುವುದಿಲ್ಲ, ಶಿಕ್ಷೆ ಮಿತಿಮೀರಿತೇ ಎಂದು ನೋಡಬಹುದು ಎಂದರು ನ್ಯಾಯಾಧೀಶೆ. ಆಮೇಲೆ ಮಾಳವ್ವನತ್ತ ತಿರುಗಿದರು.

"ಏನು ಒಪ್ಪುತ್ತಿದ್ದೀರಿ ಅಂತ ಆವತ್ತು ನಿಮಗೆ ಗೊತ್ತಿತ್ತಾ?"

ಮಾಳವ್ವ ಒಂದು ಗಳಿಗೆ ನನ್ನ ಕಡೆ ನೋಡಿದಳು.

"ಗೊತ್ತಿತ್ರೀ ಅಕ್ಕಾವ್ರ. ಹಾದಿಗೆ ಅಡ್ಡ ನಿಂತದ್ದು ಖರೇನ. ದಂಡಾನೂ ಕಟ್ಟೀನಿ. ಆದ್ರ ನಿಲ್ಲಿಸಿದಾಕಿ ನಾನು. ನನ್ನ ಮನೀಗೆ ಕಳಿಸಿ ಗಾಣಾನ ಜೇಲಿಗೆ ಹಾಕೀರಲ್ಲ, ಅದರದೇನು ತಪ್ಪರೀ?"

ಮೊದಲು ನಕ್ಕವರು ಸರ್ಕಾರಿ ವಕೀಲರೇ. ನ್ಯಾಯಾಧೀಶೆ ನಗಲಿಲ್ಲ. ಇಷ್ಟು ಸಣ್ಣ ತಪ್ಪಿಗೆ ಹೊಟ್ಟೆಪಾಡನ್ನೇ ಕಸಿಯುವುದು ಅತಿಯಾಯಿತು, ಗಾಣವನ್ನು ಹಿಂದಿರುಗಿಸಿ ಎಂದು ಬರೆಸಿದರು.

ಈಗ ಮಾಳವ್ವನ ಸೊಸೆ ಮೋಟಾರಿನ ಗಾಣ ಇಟ್ಟಿದ್ದಾಳೆ. ಗೆಜ್ಜೆಗಳನ್ನು ಬಿಚ್ಚಿ ಅದಕ್ಕೆ ಕಟ್ಟಿದ್ದಾರೆ. ನಾನು ಮೂಲೆಯಲ್ಲಿ ಕುಳಿತು ಕೇಳುತ್ತೇನೆ. ಮಾಳವ್ವ ಬಿಡುವಾದಾಗ ನನ್ನ ಮೇಲೆ ಎಲೆಯಡಿಕೆಯ ಚೀಲ ಇಟ್ಟು, ಕೋರ್ಟಿನ ಕಥೆ ಹೇಳಿ ಗಿರಾಕಿಗಳನ್ನು ನಗಿಸುತ್ತಾಳೆ.

ಅವಳು ತಪ್ಪು ಮಾಡಿದಳೆಂಬ ತೀರ್ಪು ಹಾಗೇ ಉಳಿಯಿತು. ದಂಡ ವಾಪಸು ಬರಲಿಲ್ಲ. ಒಂದು ಇಡೀ ಬೇಸಿಗೆಯ ವ್ಯಾಪಾರ ಹೋಯಿತು. ನಾನು ಮನೆಗೆ ಬಂದೆ.